ಶುಶ್ರೂಷೆಯ ಅರ್ಥ



ಈ ಶ್ರಾವಣಮಾಸದ ಪ್ರವಚನದಲ್ಲಿ ಕೆಲವು ದಿನಗಳಿಂದ ದಾಸೋಹದ ವಿಚಾರವನ್ನು ಹೇಳುತ್ತ ಬಂದಿದ್ದೇವೆ. ಅನ್ನದ ದಾಸೋಹವಾಯಿತು, ಅಕ್ಷರದ ದಾಸೋಹವಾಯಿತು. ಈ ದಿನ ಆಸ್ಪತ್ರೆಯ ವಿಚಾರವನ್ನು ಹೇಳಬೇಕೆಂದಿದ್ದೇವೆ. ಮಠದ ಪ್ರವಚನಕ್ಕೂ ಆಸ್ಪತ್ರೆಗೂ ಏನು ಸಂಬಂಧವೆಂದು ತಮಗೆ ತೋರಬಹುದು. ಆದರೆ ಮಠಕ್ಕೆ ನಗುತ್ತ ಬರುವವರು ಕೆಲವರು, ಕಣ್ಣೀರಿಟ್ಟು ಬರುವವರು ಬಹಳ. “ಮಗುವನ್ನು ಐ.ಸಿ.ಯು.ನಲ್ಲಿ ಇಟ್ಟಿದ್ದಾರೆ ಬುದ್ಧಿ, ನಮ್ಮನ್ನು ಒಳಗೆ ಬಿಡುತ್ತಿಲ್ಲ” ಎಂಬ ಮಾತನ್ನು ಈಚಿನ ವರ್ಷಗಳಲ್ಲಿ ನಾವು ಮೇಲಿಂದ ಮೇಲೆ ಕೇಳುತ್ತಿದ್ದೇವೆ. ಕಣ್ಣೀರಿನ ಕಾರಣವನ್ನು ವಿಚಾರಿಸದೆ ಬರಿಯ ಆಶೀರ್ವಾದ ಮಾಡಿ ಕಳುಹಿಸಿದರೆ ಅದು ಗುರುಪೀಠಕ್ಕೆ ಶೋಭಿಸುವುದಿಲ್ಲ.

ಹಿಂದೆ ನಮ್ಮ ಹಳ್ಳಿಗಳಲ್ಲಿ ತಿಂಗಳು ತುಂಬದೆ ಹುಟ್ಟಿದ ಕೂಸು ಉಳಿಯುವುದು ಅಪರೂಪವಾಗಿತ್ತು. ಈಗ ಜಿಲ್ಲಾ ಆಸ್ಪತ್ರೆಗಳಲ್ಲಿಯೇ ನವಜಾತ ಶಿಶುಗಳ ವಿಶೇಷ ಘಟಕಗಳಿವೆ. ಒಂದು ಕಿಲೋ ತೂಗುವ ಕೂಸೂ ಬದುಕಿ ಬೆಳೆದು ಶಾಲೆಗೆ ಹೋಗುತ್ತಿದೆ. ಈ ಉಪಕಾರವನ್ನು ಮರೆಯುವವನು ಕೃತಘ್ನ. ನಾವು ಇಂದು ಹೇಳುವ ಮಾತು ವೈದ್ಯರ ನಿಂದೆಯಲ್ಲ. ಪ್ರಾಣವನ್ನು ಉಳಿಸುವ ಅವಸರದಲ್ಲಿ ಆ ಪ್ರಾಣಕ್ಕೆ ಒಂದು ಮನಸ್ಸೂ ಇದೆ, ಹೊರಗೆ ನಿಂತ ತಾಯಿತಂದೆಗಳಿಗೂ ಒಂದು ಮನಸ್ಸಿದೆ ಎಂಬುದನ್ನು ಮರೆಯಬಾರದು. ಇದಿಷ್ಟೇ ನಮ್ಮ ಮಾತು.

ಮೊದಲು ಶಬ್ದದ ಅರ್ಥವನ್ನು ನೋಡೋಣ. ರೋಗಿಯ ಸೇವೆಗೆ ನಾವು ಶುಶ್ರೂಷೆ ಎನ್ನುತ್ತೇವೆ. ಸಂಸ್ಕೃತದಲ್ಲಿ ‘ಶ್ರು’ ಎಂದರೆ ಕೇಳುವುದು. ಆ ಧಾತುವಿಗೆ ಇಚ್ಛಾರ್ಥದ ‘ಸನ್’ ಪ್ರತ್ಯಯ ಸೇರಿದಾಗ ‘ಶುಶ್ರೂಷಾ’ ಎಂದಾಗುತ್ತದೆ. ಕುಡಿಯುವ ಇಚ್ಛೆ ಪಿಪಾಸಾ, ತಿಳಿಯುವ ಇಚ್ಛೆ ಜಿಜ್ಞಾಸಾ, ಹಾಗೆಯೇ ಕೇಳುವ ಇಚ್ಛೆ ಶುಶ್ರೂಷಾ. ಮದ್ದು ಕೊಡುವುದಲ್ಲ, ಸೂಜಿ ಚುಚ್ಚುವುದಲ್ಲ, ಅವೆಲ್ಲ ಆಮೇಲೆ. ಎದುರಿಗಿರುವ ಜೀವ ಏನು ಹೇಳುತ್ತದೆ ಎಂದು ಕಿವಿಗೊಡುವುದೇ ಶುಶ್ರೂಷೆಯ ಮೂಲ. ಕಿವಿಯಿಲ್ಲದ ಸೇವೆ ಶುಶ್ರೂಷೆಯಾಗುವುದಿಲ್ಲ.

ಇನ್ನು ವೈದ್ಯಶಾಸ್ತ್ರಕ್ಕೆ ಬರೋಣ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಮಂಚಕ್ಕೆ ನಾಲ್ಕು ಕಾಲುಗಳಿದ್ದಂತೆ. ಪ್ರತಿಯೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಅಲ್ಲಿ ಹೇಳಿದೆ. ಪರಿಚಾರಕನಿಗೆ ಕೆಲಸದ ತಿಳಿವಳಿಕೆ, ದಕ್ಷತೆ, ಶುಚಿತ್ವ ಇರಬೇಕು. ಅವುಗಳ ಸಾಲಿನಲ್ಲಿಯೇ ಅನುರಾಗವೂ ಇರಬೇಕು. ಪ್ರೀತಿ ಎಂಬುದು ಮೇಲೆ ಹಾಕುವ ಸಕ್ಕರೆಯಲ್ಲ, ಶುಚಿತ್ವದಷ್ಟೇ ಅವಶ್ಯಕವಾದ ಗುಣ ಎಂದು ಇದರ ಅಭಿಪ್ರಾಯ.

ರೋಗಿಯ ಗುಣಗಳಲ್ಲಿ ಸ್ಮೃತಿ, ಹೇಳಿದಂತೆ ನಡೆಯುವುದು, ನಿರ್ಭಯತೆ, ತನ್ನ ಬಾಧೆಯನ್ನು ತಿಳಿಸುವ ಶಕ್ತಿ ಇವು ಬರುತ್ತವೆ. ಈಗ ತಾವೇ ವಿಚಾರಮಾಡಿರಿ. ರೋಗಿಯು ಎರಡು ವರ್ಷದ ಕೂಸಾದರೆ ಗತಿಯೇನು? ಯಾವಾಗ ಜ್ವರ ಬಂತು ಎಂಬ ನೆನಪು ಅದಕ್ಕಿಲ್ಲ. ಎಲ್ಲಿ ನೋವೆಂದು ಹೇಳಲು ಬಾಯಿಲ್ಲ. ನಿರ್ಭಯತೆಯಂತೂ ದೂರದ ಮಾತು. ಹಾಗಾದರೆ ಆ ನಾಲ್ಕನೆಯ ಪಾದವನ್ನು ಯಾರು ತುಂಬಬೇಕು? ತಾಯಿ ತುಂಬಬೇಕು, ತಂದೆ ತುಂಬಬೇಕು. ಮಗುವಿನ ನೆನಪು ತಾಯಿಯಲ್ಲಿದೆ, ಮಗುವಿನ ಮಾತು ತಾಯಿಯ ಬಾಯಲ್ಲಿದೆ, ಮಗುವಿನ ಧೈರ್ಯ ತಾಯಿಯ ಕೈಯಲ್ಲಿದೆ. ಆಕೆಯನ್ನು ಬಾಗಿಲ ಹೊರಗೆ ನಿಲ್ಲಿಸಿದಾಗ ಮಂಚದ ಒಂದು ಕಾಲನ್ನು ಮುರಿದು ಉಳಿದ ಮೂರು ಕಾಲುಗಳ ಮೇಲೆ ಮಗುವನ್ನು ಮಲಗಿಸಿದಂತಾಗುತ್ತದೆ.

ಮಾತು ಬಾರದ ಶಿಶುವಿನ ನೋವನ್ನು ಅರಿಯುವ ಬಗೆಯನ್ನು ನಮ್ಮ ಹಿರಿಯರು ಚಿಂತಿಸಿದ್ದರು. ಕಾಶ್ಯಪಸಂಹಿತೆಯಲ್ಲಿ ವೇದನಾಧ್ಯಾಯವೆಂಬ ಒಂದು ಅಧ್ಯಾಯವೇ ಇದೆ. ಕೂಸು ಕೈಯನ್ನು ಎಲ್ಲಿಗೆ ಒಯ್ಯುತ್ತದೆ, ಹೇಗೆ ಅಳುತ್ತದೆ, ಹಾಲನ್ನು ಏಕೆ ಬಿಡುತ್ತದೆ ಎಂಬುದನ್ನು ನೋಡಿ ಬೇನೆಯನ್ನು ಊಹಿಸುವ ಕ್ರಮ ಅಲ್ಲಿದೆ. ಈ ಕಾಲದ ಆಸ್ಪತ್ರೆಗಳಲ್ಲಿಯೂ ದಾದಿಯರು ಮಗುವಿನ ಮುಖ, ಕಾಲುಗಳ ಚಲನೆ, ಅಳು, ಸಮಾಧಾನಗೊಳ್ಳುವ ಬಗೆ ಇವನ್ನು ನೋಡಿ ನೋವಿಗೆ ಅಂಕ ಕೊಡುವ ಪದ್ಧತಿಯಿದೆ. ಅದನ್ನು ೧೯೯೭ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ರೂಪಿಸಿದರು.

ಆದರೆ ನಡುವೆ ಒಂದು ಕತ್ತಲೆಯ ಕಾಲವಿತ್ತು. ಹಸುಗೂಸಿಗೆ ನೋವು ತಿಳಿಯುವುದಿಲ್ಲ, ತಿಳಿದರೂ ನೆನಪಿರುವುದಿಲ್ಲ ಎಂದು ಬಹುಮಂದಿ ಪಂಡಿತರು ನಂಬಿದ್ದರು. ಸುಮಾರು ೧೯೮೦ರ ದಶಕದವರೆಗೂ ದೊಡ್ಡ ದೊಡ್ಡ ದೇಶಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ನೋವಿನ ಮದ್ದು ಅತ್ಯಲ್ಪವಾಗಿ ಕೊಟ್ಟು ಶಸ್ತ್ರಕ್ರಿಯೆ ಮಾಡಿದ್ದುಂಟು. ಭಾರತೀಯ ಮೂಲದ ವೈದ್ಯರಾದ ಆನಂದ್ ಎಂಬವರು ಆಕ್ಸ್‌ಫರ್ಡಿನಲ್ಲಿದ್ದಾಗ ಈ ನಂಬಿಕೆಯನ್ನು ಪರೀಕ್ಷಿಸಿದರು. ನೋವಿನ ಮದ್ದನ್ನು ಸರಿಯಾಗಿ ಪಡೆದ ಶಿಶುಗಳ ದೇಹದಲ್ಲಿ ಕ್ಷೋಭೆ ಕಡಿಮೆ, ಶಸ್ತ್ರಕ್ರಿಯೆಯ ನಂತರದ ತೊಂದರೆಗಳೂ ಕಡಿಮೆ ಎಂದು ೧೯೮೭ರಲ್ಲಿ ಅವರೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ಅಂದರೆ ದಯೆಯು ಚಿಕಿತ್ಸೆಗೆ ಅಡ್ಡಿಯಲ್ಲ, ದಯೆಯೇ ಚಿಕಿತ್ಸೆಯ ಒಂದು ಭಾಗವೆಂದು ಪ್ರಯೋಗದಿಂದಲೇ ಸಿದ್ಧವಾಯಿತು.

ಈ ತೀವ್ರ ನಿಗಾ ಎಂಬುದು ಹುಟ್ಟಿದ್ದು ಹೇಗೆಂಬುದನ್ನೂ ತಾವು ತಿಳಿಯಬೇಕು. ೧೯೫೨ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಮಾರಿ ಬಂತು. ಉಸಿರಾಟದ ಸ್ನಾಯುಗಳೇ ಸೋತು ಮಕ್ಕಳು ಸಾಯತೊಡಗಿದರು. ಉಸಿರಾಡಿಸುವ ಯಂತ್ರಗಳು ಬೆರಳೆಣಿಕೆಯಷ್ಟು. ಆಗ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಹನ್ನೆರಡು ವರ್ಷದ ಒಬ್ಬ ಬಾಲಕಿಯ ಕೊರಳಿನಲ್ಲಿ ದ್ವಾರ ಮಾಡಿಸಿ, ನಳಿಕೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕಿ ಉಸಿರು ಕೊಟ್ಟರು. ಆ ಬಾಲಕಿ ಉಳಿದಳು. ಆಮೇಲೆ ಸುಮಾರು ೧,೫೦೦ ಮಂದಿ ವಿದ್ಯಾರ್ಥಿಗಳು ಸರದಿಯಂತೆ ಹಗಲೂ ರಾತ್ರಿ ಹಾಸಿಗೆಗಳ ಪಕ್ಕದಲ್ಲಿ ಕುಳಿತು ಕೈಯಿಂದಲೇ ಚೀಲ ಒತ್ತಿದರು. ಮೊದಲು ಹತ್ತರಲ್ಲಿ ಎಂಟೊಂಬತ್ತು ಜನ ಸಾಯುತ್ತಿದ್ದ ಕಡೆ ಸಾವು ಬರಬರುತ್ತ ನಾಲ್ಕರಲ್ಲೊಂದಕ್ಕೆ ಇಳಿಯಿತು. ಇದರಿಂದಲೇ ತೀವ್ರ ನಿಗಾ ಘಟಕದ ಕಲ್ಪನೆ ಬಂತು. ೧೯೫೫ರಲ್ಲಿ ಸ್ವೀಡನ್ನಿನ ಯೋಟೆಬೊರಿ ನಗರದಲ್ಲಿ ಮಕ್ಕಳಿಗಾಗಿಯೇ ಅಂಥ ಘಟಕ ಆರಂಭವಾಯಿತು.

ಇದರಲ್ಲಿ ನಾವು ಗ್ರಹಿಸಬೇಕಾದ ತತ್ತ್ವವೇನು? ಮೊದಲನೆಯ ವೆಂಟಿಲೇಟರ್ ಎಂದರೆ ಮನುಷ್ಯನ ಕೈ. ಒಂದು ಮಗುವಿನ ಉಸಿರಿಗಾಗಿ ಇನ್ನೊಬ್ಬ ಮನುಷ್ಯ ನಿದ್ದೆಗೆಟ್ಟು ಪಕ್ಕದಲ್ಲಿ ಕುಳಿತಿದ್ದ. ಆ ಬಳಿಕ ಯಂತ್ರ ಬಂತು, ಒಳ್ಳೆಯದೇ ಆಯಿತು. ಕೈ ದಣಿಯುತ್ತದೆ, ಯಂತ್ರ ದಣಿಯುವುದಿಲ್ಲ. ಆದರೆ ಯಂತ್ರ ಬಂದುದು ಕೈಗೆ ಬಿಡುವು ಕೊಡುವುದಕ್ಕೆ. ಬಿಡುವಾದ ಆ ಕೈ ಮಗುವಿನ ತಲೆಯನ್ನು ಸವರಬೇಕಿತ್ತು. ಅದು ಅಲ್ಲಿಂದ ಎದ್ದುಹೋದರೆ ನಷ್ಟವಾದದ್ದು ಮಗುವಿಗೆ.

ಬಾಗಿಲು ಮುಚ್ಚಿದ್ದೇಕೆ ಎಂದು ಕೇಳಿದರೆ ಸೋಂಕಿನ ಭಯವೆನ್ನುತ್ತಾರೆ. ಆ ಭಯ ಸುಳ್ಳಲ್ಲ. ಇಪ್ಪತ್ತು ಮಂದಿ ಬಂಧುಗಳು ಚಪ್ಪಲಿ ಮೆಟ್ಟಿಕೊಂಡು, ಬಸ್ಸಿನ ಧೂಳಿನೊಡನೆ ಒಳಗೆ ನುಗ್ಗಿದರೆ ಕೂಸು ಉಳಿಯುವುದಿಲ್ಲ. ಆದರೆ ಇಪ್ಪತ್ತು ಮಂದಿಯನ್ನು ತಡೆಯುವ ನಿಯಮವು ಕೈತೊಳೆದು ಬಂದ ಒಬ್ಬ ತಾಯಿಯನ್ನೂ ತಡೆಯಬೇಕೆ? ಹಿಂದೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿಯೂ ಹೀಗೆಯೇ ಇತ್ತು. ತಾಯಿ ಹೋದಾಗ ಮಗು ಅಳುತ್ತದೆ, ಕೆಲವು ದಿನಗಳಲ್ಲಿ ಸುಮ್ಮನಾಗುತ್ತದೆ, ಹೊಂದಿಕೊಂಡಿತು ಎಂದು ಅಲ್ಲಿ ತಿಳಿದಿದ್ದರು. ಜೇಮ್ಸ್ ರಾಬರ್ಟ್‌ಸನ್ ಎಂಬವರು ೧೯೫೨ರಲ್ಲಿ ಆಸ್ಪತ್ರೆಗೆ ಸೇರಿದ ಎರಡು ವರ್ಷದ ಮಗುವಿನ ಮೇಲೆ ಒಂದು ಚಲನಚಿತ್ರವನ್ನೇ ತೆಗೆದು, ಅದು ಹೊಂದಿಕೊಂಡ ಮೌನವಲ್ಲ, ಆಸೆಯನ್ನೇ ಬಿಟ್ಟ ಮೌನವೆಂದು ತೋರಿಸಿದರು. ೧೯೫೯ರಲ್ಲಿ ಅಲ್ಲಿಯ ಪ್ಲ್ಯಾಟ್ ಸಮಿತಿ, ತಾಯಿತಂದೆಗಳು ಮಕ್ಕಳನ್ನು ನೋಡಲು ನಿರ್ಬಂಧವಿರಬಾರದು, ಚಿಕ್ಕ ಮಕ್ಕಳ ತಾಯಂದಿರಿಗೆ ಆಸ್ಪತ್ರೆಯಲ್ಲಿಯೇ ಉಳಿಯುವ ಅನುಕೂಲವಿರಬೇಕು ಎಂದು ಹೇಳಿತು. ಅಳುವ ಮಗುವಿಗಿಂತ ಅಳುವುದನ್ನು ನಿಲ್ಲಿಸಿದ ಮಗುವಿಗೆ ಹೆಚ್ಚು ಕಿವಿಗೊಡಬೇಕಾಗುತ್ತದೆ. ಶುಶ್ರೂಷೆ ಎಂದರೆ ಇದು.

ತಾಯಿಯನ್ನು ಒಳಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಪ್ರಮಾಣವಿದೆ. ೧೯೭೮ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಕೂಸುಗಳು ಹೆಚ್ಚು, ಬಿಸಿಪೆಟ್ಟಿಗೆಗಳು ಕಡಿಮೆ. ಎಡ್ಗರ್ ರೇ ಎಂಬ ವೈದ್ಯರು ಕಡಿಮೆ ತೂಕದ ಶಿಶುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ನಾವು ಕಾಂಗರೂ ಆರೈಕೆ ಎಂದು ಕರೆಯುವುದು ಇದನ್ನೇ. ೧೯೭೯ರಲ್ಲಿ ಎಸ್ಟೋನಿಯದ ಟ್ಯಾಲಿನ್ ನಗರದಲ್ಲಿ ಆದಿಕ್ ಲೆವಿನ್ ಎಂಬ ವೈದ್ಯರು ದಾದಿಯರ ಕೊರತೆಯಿದ್ದಾಗ ತಾಯಂದಿರನ್ನೇ ಹಗಲಿರುಳು ಕೂಸಿನ ಬಳಿ ಇರಿಸಿ ಆರೈಕೆ ಮಾಡಿಸಿದರು. ಎರಡು ಕಡೆಯೂ ಬಡತನವೇ ದಾರಿ ತೋರಿತು ನೋಡಿರಿ. ಕೊರತೆ ಬಂದಾಗ ಹೊರಗೆ ನಿಂತಿದ್ದ ತಾಯಿಯ ನೆನಪಾಯಿತು!

ಅದು ಬಡವರ ಉಪಾಯವಷ್ಟೆ ಎಂದು ಯಾರಾದರೂ ಹೇಳಬಹುದು. ಆದಕಾರಣ ಮುಂದಿನದನ್ನು ಕೇಳಿರಿ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ಮಲಾವಿ, ನೈಜೀರಿಯ, ಟಾಂಜಾನಿಯ ಈ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ ೩,೨೧೧ ಶಿಶುಗಳ ಮೇಲೆ ಒಂದು ಪರೀಕ್ಷೆ ನಡೆಸಿತು. ಭಾರತದ ಆಸ್ಪತ್ರೆ ದೆಹಲಿಯ ಸಫ್ದರ್‌ಜಂಗ್. ಅವೆಲ್ಲ ಒಂದು ಕಿಲೋದಿಂದ ೧.೮ ಕಿಲೋದ ಒಳಗಿನ ಕೂಸುಗಳು. ಕೆಲವನ್ನು ರೂಢಿಯಂತೆ ಸ್ಥಿತಿ ಸುಧಾರಿಸಿದ ಮೇಲೆ ತಾಯಿಯ ಎದೆಗೆ ಕೊಟ್ಟರು. ಕೆಲವನ್ನು ಹುಟ್ಟಿದ ಕೂಡಲೆ ಕೊಟ್ಟು, ತಾಯಿಗೂ ಆ ಘಟಕದಲ್ಲಿಯೇ ಹಾಸಿಗೆ ಹಾಕಿದರು. ೨೮ ದಿನಗಳೊಳಗೆ ಮೊದಲ ಗುಂಪಿನಲ್ಲಿ ತೀರಿಕೊಂಡವು ನೂರಕ್ಕೆ ೧೫.೭, ತಾಯಿಯೊಡನೆ ಇದ್ದ ಗುಂಪಿನಲ್ಲಿ ನೂರಕ್ಕೆ ೧೨. ಲಾಭ ಸ್ಪಷ್ಟವಾಗಿ ಕಂಡುಬಂದುದರಿಂದ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಇದು ೨೦೨೧ರಲ್ಲಿ ಪ್ರಕಟವಾಯಿತು. ಮರುವರ್ಷ ಆ ಸಂಸ್ಥೆ ತನ್ನ ಸಲಹೆಯನ್ನೇ ಬದಲಿಸಿ, ಹುಟ್ಟಿದ ಕೂಡಲೆ ಈ ಆರೈಕೆ ಆರಂಭವಾಗಲಿ ಎಂದಿತು. ನಮ್ಮ ದೇಶದ ಸರ್ಕಾರವೂ ೨೦೧೭ರಲ್ಲಿಯೇ ನವಜಾತ ಶಿಶುಗಳ ಆರೈಕೆಯಲ್ಲಿ ಕುಟುಂಬದವರನ್ನು ಸೇರಿಸಿಕೊಳ್ಳಬೇಕೆಂದು ಮಾರ್ಗಸೂಚಿ ಹೊರಡಿಸಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳನ್ನೂ ಹಳ್ಳಿಯ ಮನೆಗಳನ್ನೂ ಜೋಡಿಸಿ ಕಾಂಗರೂ ಆರೈಕೆಯನ್ನು ಜಿಲ್ಲೆಗೆಲ್ಲ ಹಬ್ಬಿಸುವ ಕಾರ್ಯ ನಡೆದು, ಅದರ ವರದಿ ಹೊರದೇಶಗಳವರೆಗೂ ಹೋಗಿದೆ. ಆದಕಾರಣ ಇದು ನಮ್ಮಿಂದ ಆಗದ ಕಾರ್ಯವೆಂದು ಯಾರೂ ಹೇಳುವಂತಿಲ್ಲ.

ಸ್ವಲ್ಪ ದೊಡ್ಡ ಮಕ್ಕಳ ಸಂಕಟ ಬೇರೆ ಬಗೆಯದು. ಐದಾರು ವರ್ಷದ ಮಗುವಿಗೆ ಎಚ್ಚರವಾದಾಗ ಬಾಯಲ್ಲಿ ನಳಿಕೆ, ಕೈಗೆ ಕಟ್ಟು, ಕೂಗಲು ದನಿಯಿಲ್ಲ. ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯದಂತೆ ಸದಾ ದೀಪ. ಯಂತ್ರಗಳ ಗಂಟೆ ಬಡಿಯುತ್ತಲೇ ಇರುತ್ತದೆ. ನವಜಾತ ಶಿಶುಗಳ ಕೋಣೆಯಲ್ಲಿ ಸದ್ದು ೪೫ ಡೆಸಿಬೆಲ್ ಮೀರಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ೧೯೯೭ರಲ್ಲಿಯೇ ಎಚ್ಚರಿಸಿತ್ತು. ಅದು ಮೆಲ್ಲನೆಯ ಮಾತಿನಷ್ಟು ಸದ್ದು. ನಿದ್ದೆಯಿಲ್ಲದೆ, ಮದ್ದಿನ ಮಂಪರಿನಲ್ಲಿ ಮಗುವಿಗೆ ಭ್ರಮೆ ಹಿಡಿಯುತ್ತದೆ. ಇಲ್ಲದ್ದನ್ನು ಕಂಡು ಬೆದರುತ್ತದೆ, ಕೆಲವೊಮ್ಮೆ ತಾಯಿಯ ಗುರುತೂ ಹತ್ತುವುದಿಲ್ಲ. ಮನೆಗೆ ಬಂದ ಮೇಲೂ ಎಷ್ಟೋ ತಿಂಗಳು ರಾತ್ರಿ ಕೂಗಿ ಏಳುವ ಮಕ್ಕಳಿದ್ದಾರೆ. ತಾಯಿತಂದೆಗಳಿಗೂ ಆ ಗಂಟೆಯ ಸದ್ದು ಕಿವಿಯಿಂದ ಹೋಗುವುದಿಲ್ಲ. ಇದಕ್ಕೆ ಉಪಾಯಗಳು ದುಬಾರಿಯಲ್ಲ. ರಾತ್ರಿ ದೀಪ ತಗ್ಗಿಸುವುದು, ಮಾತು ತಗ್ಗಿಸುವುದು, ಸೂಜಿ ಚುಚ್ಚುವ ಮುನ್ನ ಮಗುವಿಗೆ ನಿಜವನ್ನು ಹೇಳುವುದು, ಮನೆಯ ಗೊಂಬೆಯನ್ನೋ ತಾಯಿಯ ಒಗೆದ ಸೀರೆಯ ತುಂಡನ್ನೋ ವೈದ್ಯರನ್ನು ಕೇಳಿ ಪಕ್ಕದಲ್ಲಿಡುವುದು, ಎಲ್ಲಕ್ಕಿಂತ ಮಿಗಿಲಾಗಿ ಪರಿಚಿತವಾದ ಒಂದು ದನಿ ಬಳಿಯಲ್ಲಿರುವುದು.

ನಮ್ಮ ಭಕ್ತರೊಬ್ಬರು ಕೂಲಿಯ ಮನುಷ್ಯರು. ಅವರ ಮಗ ಮಿದುಳಿನ ಜ್ವರದಿಂದ ದೂರದ ನಗರದ ಒಂದು ಆಸ್ಪತ್ರೆಯಲ್ಲಿದ್ದ. ತಂದೆ ಒಂಬತ್ತು ದಿನ ಮೆಟ್ಟಿಲ ಕೆಳಗೆ ಪತ್ರಿಕೆ ಹಾಸಿಕೊಂಡು ಮಲಗಿದರು. ದಿನಕ್ಕೆ ಹತ್ತು ನಿಮಿಷ ಗಾಜಿನಾಚೆಯಿಂದ ನೋಡುವ ಅವಕಾಶ. ಅವರು ನಮ್ಮಲ್ಲಿ ಹೇಳಿದ್ದು ಖರ್ಚಿನ ದುಃಖವನ್ನಲ್ಲ. “ಬುದ್ಧಿ, ಅವರು ಏನೋ ಹೇಳುತ್ತಿದ್ದರು, ನನಗೆ ತಿಳಿಯಲಿಲ್ಲ, ತಿಳಿಯಿತೆಂದು ತಲೆಯಾಡಿಸಿದೆ” ಎಂದರು. ಆ ಮಗು ಉಳಿಯಿತು. ಆದರೆ ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. ಓದುಬರಹ ಬಾರದವನಿಗೂ ಅವನ ಮಾತಿನಲ್ಲಿ ಹೇಳಿ, ಅವನಿಗೇನು ತಿಳಿಯಿತು ಎಂದು ತಿರುಗಿ ಕೇಳಿದರೆ ಅದೂ ಶುಶ್ರೂಷೆಯೇ. ಸಭೆಯಲ್ಲಿ ವೈದ್ಯರೂ ದಾದಿಯರೂ ಇದ್ದೀರಿ. ಒಬ್ಬ ದಾದಿ ಎಷ್ಟೋ ಹಾಸಿಗೆಗಳನ್ನು ನೋಡಿಕೊಳ್ಳುವ ಕಷ್ಟ ನಮಗೆ ಗೊತ್ತು. ಆದರೂ ದಿನಕ್ಕೊಂದು ಸಲ, ನಿಂತುಕೊಂಡಲ್ಲ, ಕುಳಿತುಕೊಂಡು ಐದು ನಿಮಿಷ ಮಾತನಾಡಿರಿ ಎಂದು ಕೇಳಿಕೊಳ್ಳುತ್ತೇವೆ.

ಇನ್ನು ಭಕ್ತರಿಗೆ ನಮ್ಮ ಅಪ್ಪಣೆ. ಪರರ ಕರ್ತವ್ಯವನ್ನು ಹೇಳುವುದು ಸುಲಭ; ನಮ್ಮ ಕರ್ತವ್ಯವನ್ನೂ ಕೇಳಿಕೊಳ್ಳಬೇಕು.

ಒಂದನೆಯದು. ಆಸ್ಪತ್ರೆಯಲ್ಲಿರುವ ಕೂಸಿನ ಬಾಯಿಗೆ ಪಾದೋದಕವನ್ನಾಗಲಿ ಪ್ರಸಾದವನ್ನಾಗಲಿ ಗುಟ್ಟಾಗಿ ಹಾಕಬಾರದು. ನಳಿಕೆಯಿರುವ ಮಗುವಿಗೆ ಒಂದು ತೊಟ್ಟು ನೀರೂ ಅಪಾಯ. ವಿಭೂತಿಯ ಧೂಳಿಯನ್ನು ಅದರ ಹಾಸಿಗೆಯ ಮೇಲೆ ಉದುರಿಸಬಾರದು. ಕೊರಳಿಗೆ ಲಿಂಗವಸ್ತ್ರ ಕಟ್ಟುವ ಆತುರ ಬೇಡ. ತಾಯಿ ಧರಿಸಿದರೆ ಮಗುವಿಗೆ ಧರಿಸಿದಂತೆ. ತಾಯಿಯ ಹಣೆಯ ವಿಭೂತಿ ಮಗುವಿಗೂ ರಕ್ಷೆ. ಮನೆಗೆ ಬಂದ ಮೇಲೆ ಸಂಸ್ಕಾರ ನಡೆಯಲಿ. ಇದರಿಂದ ದೋಷ ಬರುವುದಿಲ್ಲವೆಂದು ನಾವು ಈ ಪೀಠದಿಂದ ಹೇಳುತ್ತಿದ್ದೇವೆ.

ಎರಡನೆಯದು. ಹತ್ತು ಮಂದಿ ಬಾಗಿಲಲ್ಲಿ ಗುಂಪುಗೂಡುವ ಬದಲು, ಇಬ್ಬರು ಆಸ್ಪತ್ರೆಯಲ್ಲಿರಿ, ಇಬ್ಬರು ಆ ಮನೆಯ ಉಳಿದ ಮಕ್ಕಳನ್ನು ನೋಡಿಕೊಳ್ಳಿರಿ, ಇಬ್ಬರು ಅವರ ದನಕರು ಹೊಲ ನೋಡಿರಿ. ಮನೆಯಲ್ಲಿ ಉಳಿದ ಅಣ್ಣನೋ ಅಕ್ಕನೋ ತಮ್ಮನಿಗೆ ಹೀಗಾದದ್ದು ತನ್ನಿಂದಲೇ ಎಂದು ಒಳಗೊಳಗೆ ಹೆದರುತ್ತಿರುತ್ತದೆ. ಅದನ್ನೂ ಕರೆದು ಮಾತನಾಡಿಸಿರಿ.

ಮೂರನೆಯದು. ಕೆಟ್ಟ ಸುದ್ದಿ ಕೇಳಿದ ಕೂಡಲೆ ವೈದ್ಯನ ಮೇಲೆ ಕೈಮಾಡುವ ದುರ್ಬುದ್ಧಿ ಈಗ ಹೆಚ್ಚುತ್ತಿದೆ. ಹೊಡೆತದ ಭಯವಿರುವ ಕಡೆ ಯಾವ ವೈದ್ಯನು ಬಾಗಿಲು ತೆರೆಯುತ್ತಾನೆ? ನಾವು ಕೈಯೆತ್ತಿದಷ್ಟೂ ಬಾಗಿಲು ಮುಚ್ಚುತ್ತ ಹೋಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಕೂಸು ಆಪತ್ತಿನಲ್ಲಿದ್ದಾಗ, “ಯಾವ ಜನ್ಮದ ಕರ್ಮವೋ” ಎಂದೋ, “ಬಸುರಿಯಲ್ಲಿ ನೀನು ಏನು ತಿಂದೆಯೋ” ಎಂದೋ ತಾಯಿಗೆ ಹೇಳುವವರಿದ್ದಾರೆ. ಗ್ರಹಣ ನೋಡಿದಳು ಎನ್ನುವವರೂ ಇದ್ದಾರೆ. ನೊಂದವಳನ್ನು ಇನ್ನೊಮ್ಮೆ ಇರಿಯುವ ಈ ಮಾತು ಧರ್ಮವಲ್ಲ. ಹಾಗೆ ಆಡುವವರು ಶಾಸ್ತ್ರದ ಹೆಸರನ್ನೂ ಹೇಳಬಾರದು, ನಮ್ಮ ಹೆಸರನ್ನೂ ಹೇಳಬಾರದು. ಏನು ಹೇಳಬೇಕೆಂದು ತೋಚದಿದ್ದರೆ ಏನೂ ಹೇಳಬೇಡಿರಿ. ಆಕೆಯ ಪಕ್ಕದಲ್ಲಿ ಕುಳಿತು, ಆಕೆ ಹೇಳಿದ್ದನ್ನು ಕೇಳಿರಿ.

ಎಷ್ಟು ಮಾಡಿದರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಆ ಮಾತನ್ನು ಆಡದೆ ಮುಚ್ಚಿಟ್ಟರೆ ಈ ಪ್ರವಚನ ಅರ್ಧವಾಗುತ್ತದೆ. ಇನ್ನು ಯಾವ ಚಿಕಿತ್ಸೆಯಿಂದಲೂ ಫಲವಿಲ್ಲವೆಂದು ತಿಳಿದ ಮೇಲೆ ಆ ಮಗುವಿಗೆ ಬೇಕಾದದ್ದು ನೋವಿಲ್ಲದಿರುವುದು ಮತ್ತು ತಾಯಿಯ ತೊಡೆ. ಕಡೆಯ ಗಳಿಗೆಯಲ್ಲಿ ಅದನ್ನು ತಂತಿಗಳ ನಡುವೆ ಬಿಟ್ಟು ತಾಯಿತಂದೆಗಳನ್ನು ಹೊರಗೆ ಕಳುಹಿಸುವುದು ಯಾವ ನಿಯಮವಾದರೂ ನಿರ್ದಯವಾದ ನಿಯಮ. ನಮ್ಮಲ್ಲಿ ಎಳೆಯ ಕೂಸು ಹೋದರೆ ತಾಯಿಯನ್ನು ಸಮಾಧಿಯ ಬಳಿಗೂ ಬಿಡದ ರೂಢಿ ಕೆಲವು ಕಡೆ ಇದೆ. “ಇನ್ನೊಂದು ಹಡೆಯುತ್ತೀಯೆ ಬಿಡು” ಎಂದು ಬಾಯಿ ಮುಚ್ಚಿಸುತ್ತಾರೆ. ಇನ್ನೊಂದು ಮಗು ಇನ್ನೊಂದು ಮಗುವೇ. ಹೋದದ್ದು ಹೋದ ಮಗು. ಒಂದು ದಿನ ಬದುಕಿದ್ದರೂ ಅದಕ್ಕೊಂದು ಹೆಸರಿಡಿರಿ. ತಾಯಿ ಅದನ್ನು ಎತ್ತಿಕೊಳ್ಳಲಿ, ಅಳಲಿ. ವರ್ಷ ಕಳೆದ ಮೇಲೂ ಅದರ ಹೆಸರು ಹೇಳಿದರೆ ನೀವು ಎದ್ದುಹೋಗದೆ ಕುಳಿತು ಕೇಳಿರಿ.

ಕೊನೆಯದಾಗಿ ಒಂದು ಕಾರ್ಯ. ೧೯೭೪ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಆಡ್ರಿ ಇವಾನ್ಸ್ ಎಂಬ ವೈದ್ಯೆಯೂ ಕೆಲವು ದಾನಿಗಳೂ ಸೇರಿ, ಕಾಯಿಲೆಯ ಮಕ್ಕಳ ತಾಯಿತಂದೆಗಳು ತಂಗಲು ಆಸ್ಪತ್ರೆಯ ಸಮೀಪದಲ್ಲಿ ಒಂದು ಮನೆ ತೆರೆದರು. ಅಂಥ ಮನೆಗಳು ಈಗ ಬಹಳ ದೇಶಗಳಲ್ಲಿವೆ. ದಾಸೋಹದ ನಾಡಿನವರಾದ ನಮಗೆ ಇದು ಹೊಸದಲ್ಲ. ನಮ್ಮ ಜಿಲ್ಲಾ ಆಸ್ಪತ್ರೆಯ ಬಳಿ ನಾಲ್ಕು ಕೋಣೆ, ಬಿಸಿನೀರು, ಎರಡು ಹೊತ್ತಿನ ಗಂಜಿ ಊಟ ಇರುವ ತಂಗುಮನೆಯೊಂದನ್ನು ಮಾಡಬೇಕೆಂದು ನಾವು ಸಂಕಲ್ಪಿಸಿದ್ದೇವೆ. ಜಾತಿಮತ ಕೇಳದೆ, ಒಳಗೆ ಮಗುವಿರುವ ಯಾರಿಗಾದರೂ ಅಲ್ಲಿ ಜಾಗ. ಬಾಣಂತಿ ತಾಯಿ ಬಸ್‌ನಿಲ್ದಾಣದಲ್ಲಿ ಮಲಗಿದರೆ ಕೂಸಿಗೆ ಹಾಲು ಎಲ್ಲಿಂದ ಬರಬೇಕು?

ಬರುವ ಜಾತ್ರೆಯಲ್ಲಿ ನಮಗೆ ನಾಣ್ಯದ ತುಲಾಭಾರ ಮಾಡಬೇಕೆಂದು ತಾವು ನಿಶ್ಚಯಿಸಿರುವುದು ನಮಗೆ ತಿಳಿದಿದೆ. ಅದು ಬೇಡ. ಆ ಹಣವನ್ನು ಈ ಮನೆಗೆ ಕೊಡಿರಿ. ನಮ್ಮ ತೂಕ ಹೆಚ್ಚಾಗಿ ಆಗಬೇಕಾದ್ದೇನೂ ಇಲ್ಲ. ಒಂದು ಕಿಲೋ ತೂಗುವ ಕೂಸು ದಿನಕ್ಕೆ ಇಪ್ಪತ್ತು ಗ್ರಾಂ ಹೆಚ್ಚಿದರೆ ಅದೇ ನಮಗೆ ತುಲಾಭಾರ.

ಆಸ್ಪತ್ರೆಗಳಲ್ಲಿ ಮಲಗಿರುವ ಎಲ್ಲ ಮಕ್ಕಳಿಗೂ, ಅವರ ಪಕ್ಕದಲ್ಲಿ ಎಚ್ಚರವಿರುವ ವೈದ್ಯರಿಗೂ ದಾದಿಯರಿಗೂ, ಬಾಗಿಲಲ್ಲಿ ಕಾದಿರುವ ತಾಯಿತಂದೆಗಳಿಗೂ ಸನ್ಮಂಗಳವಾಗಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.